ಸಣ್ಣ ವೇದಿಕೆ ಮುಚ್ಚಿದರೆ ನಷ್ಟ ಯಾರಿಗೆ?

ಎಡ್ ಶೀರನ್ ಹಾಡುತ್ತಾರೆಂದರೆ ಕ್ರೀಡಾಂಗಣವೇ ತುಂಬುತ್ತದೆ. ಆದರೆ ಹೆಸರಿಲ್ಲದ ದಿನಗಳಲ್ಲಿ ಇಂಥ ಗಾಯಕರಿಗೆ ಮೈಕ್ ಕೊಟ್ಟ ಜಾಗಗಳು ಈಗ ಹೇಗಿವೆ?

ಇಂಗ್ಲೆಂಡಿನ ಬಾತ್ ನಗರದಲ್ಲಿ 1978ರಲ್ಲಿ ಆರಂಭವಾದ ‘ಮೋಲ್ಸ್’ ಅಂಥದ್ದೊಂದು ಕ್ಲಬ್. ಹಿಡಿಸುತ್ತಿದ್ದುದು ಸುಮಾರು 220 ಜನ. ರೇಡಿಯೊಹೆಡ್, ಒಯಾಸಿಸ್, ಬ್ಲರ್ ತಂಡಗಳು, ಎಡ್ ಶೀರನ್ ಎಲ್ಲರೂ ಇಲ್ಲಿ ಹಾಡಿದವರೇ. 2014ರಲ್ಲಿ ಬೆಂಕಿ ಬಿದ್ದು ಮುಚ್ಚಿದ್ದ ಕ್ಲಬ್, ದುರಸ್ತಿಯಾಗಿ ಮತ್ತೆ ತೆರೆಯಿತು. ಬೆಂಕಿಯನ್ನು ತಾಳಿಕೊಂಡ ಮೋಲ್ಸ್‌ಗೆ ಖರ್ಚನ್ನು ತಾಳಲಾಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ಶಾಶ್ವತವಾಗಿ ಬಾಗಿಲು ಹಾಕಿತು.

ಜನ ಬರಲಿಲ್ಲವೆಂದಲ್ಲ, ಲೆಕ್ಕ ಸರಿಹೋಗಲಿಲ್ಲ. ಬಾಡಿಗೆ, ವಿದ್ಯುತ್, ಸಂಬಳ ಎಲ್ಲವೂ ಏರಿದವು. ಹೊಸ ಗಾಯಕರ ಕಾರ್ಯಕ್ರಮಕ್ಕೆ ಟಿಕೆಟ್ ದರ ಏರಿಸಿದರೆ ಯಾರು ಬರುತ್ತಾರೆ? ಬ್ರಿಟನ್ನಿನ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಪ್ರಕಾರ, 2023ರಲ್ಲಿ ಇಂಥ ಸಣ್ಣ ಕ್ಲಬ್‌ಗಳ ಸರಾಸರಿ ಲಾಭ ಶೇ 0.5 ಮಾತ್ರ. ಆ ಒಂದೇ ವರ್ಷ 125 ಕಡೆ ಸಂಗೀತ ನಿಂತುಹೋಯಿತು.

ಸಸಿಮಡಿ ಮಾಡುವವರು ಒಬ್ಬರು, ಫಸಲು ಒಯ್ಯುವವರು ಇನ್ನೊಬ್ಬರು. ಸಮಸ್ಯೆಯ ಮೂಲ ಇದೇ. ಹೀಗಾಗಿ ದೊಡ್ಡ ಕಾರ್ಯಕ್ರಮಗಳ ಪ್ರತಿ ಟಿಕೆಟ್‌ನಿಂದ ಒಂದು ಪೌಂಡ್ ಸಣ್ಣ ವೇದಿಕೆಗಳಿಗೆ ಹೋಗಲಿ ಎಂಬ ಬೇಡಿಕೆ ಎದ್ದಿತು. 2024ರಲ್ಲಿ ಸಂಸದೀಯ ಸಮಿತಿ ಅದನ್ನು ಬೆಂಬಲಿಸಿತು. ಸರ್ಕಾರವೂ ಒಪ್ಪಿತು, ಆದರೆ ಕಡ್ಡಾಯ ಮಾಡಲಿಲ್ಲ. ಉದ್ಯಮವೇ ಸ್ವಇಚ್ಛೆಯಿಂದ ಕೊಡಲಿ ಎಂದಿತು. ಕೋಲ್ಡ್‌ಪ್ಲೇ ತಂಡ 2025ರ ತನ್ನ ಬ್ರಿಟನ್ ಕಾರ್ಯಕ್ರಮಗಳ ಗಳಿಕೆಯಲ್ಲಿ ಶೇ 10ರಷ್ಟು ಕೊಡುವುದಾಗಿ ಘೋಷಿಸಿತು. ಎಲ್ಲರಿಗೂ ಅಂಥ ಮನಸ್ಸು ಇರುತ್ತದೆಯೇ? ಫ್ರಾನ್ಸ್‌ನಲ್ಲಿ ಸಂಗೀತ ಕಾರ್ಯಕ್ರಮದ ಟಿಕೆಟ್ ಮೇಲೆ ಶೇ 3.5 ತೆರಿಗೆ ಇದೆ. ಆ ಹಣ ಸಂಗೀತ ಕ್ಷೇತ್ರಕ್ಕೇ ಮರಳುತ್ತದೆ. ದಾನಕ್ಕಿಂತ ಇಂಥ ಕಾನೂನೇ ಮೇಲು. ದುಬಾರಿ ಟಿಕೆಟ್‌ಗೆ ಇನ್ನೊಂದು ಹೊರೆ ಏಕೆ ಎಂಬ ಆಕ್ಷೇಪ ಸಹಜವೇ. ಅದಕ್ಕೆ ಉತ್ತರವೆಂದರೆ, ಆ ಪಾಲನ್ನು ಅಭಿಮಾನಿಯ ಜೇಬಿನಿಂದಲ್ಲ, ಆಯೋಜಕರ ಗಳಿಕೆಯಿಂದ ಪಡೆಯಬೇಕು.

ಇದು ಗಾಯಕರ ಮಾತಷ್ಟೇ ಅಲ್ಲ. ಸೌಂಡ್, ಲೈಟಿಂಗ್, ಕಾರ್ಯಕ್ರಮ ನಿರ್ವಹಣೆ ಕಲಿಯುವವರಿಗೂ ಮೊದಲ ಕೆಲಸ ಸಿಗುವುದು ಇಂಥಲ್ಲೇ. ಸಂದರ್ಶನಕ್ಕೆ ಹೋದ ನಮಗೆಲ್ಲ ಎದುರಾಗುವ ಪ್ರಶ್ನೆ ‘ಅನುಭವ ಇದೆಯೇ?’ ತಪ್ಪು ಮಾಡಿ ತಿದ್ದಿಕೊಳ್ಳಲು ಸಣ್ಣ ಜಾಗಗಳೇ ಇಲ್ಲದಿದ್ದರೆ ಅನುಭವ ಬರುವುದಾದರೂ ಎಲ್ಲಿಂದ? ಅನುಭವ ಕೇಳುವ ಉದ್ಯಮ, ಅದನ್ನು ಕೊಡುವ ಜಾಗದ ಖರ್ಚನ್ನೂ ಹೊರಬೇಕು.