ಸಾಲಿನಲ್ಲಿ ನಿಂತವರ ಕಲೆ

ಚಲನಚಿತ್ರದ ಹಾಡೊಂದು ತೆರೆಯ ಮೇಲೆ ಮೂಡುವಾಗ ನಾಯಕ ನಾಯಿಕೆಯರ ಬೆನ್ನ ಹಿಂದೆ ಒಂದೇ ಬಣ್ಣದ ಉಡುಪು ತೊಟ್ಟು, ಒಂದೇ ಕ್ಷಣಕ್ಕೆ ಕೈಯೆತ್ತಿ, ಒಂದೇ ಕ್ಷಣಕ್ಕೆ ಹೆಜ್ಜೆಯಿಟ್ಟು, ಹಾಡು ಮುಗಿಯುತ್ತಲೇ ಕಥೆಯೊಳಗಿಂದ ಸಂಪೂರ್ಣವಾಗಿ ಮರೆಯಾಗಿಬಿಡುವ ಹತ್ತಿಪ್ಪತ್ತು ಮಂದಿಯನ್ನು ನಾವೆಲ್ಲರೂ ನೋಡಿದ್ದೇವೆ. ನೋಡಿಯೂ ಅವರಲ್ಲೊಬ್ಬರ ಮುಖವನ್ನಾದರೂ ನೆನಪಿನಲ್ಲಿಟ್ಟುಕೊಂಡವರು ನಮ್ಮಲ್ಲಿ ವಿರಳ. ಚಿತ್ರೋದ್ಯಮದವರು ಅವರನ್ನು ಗ್ರೂಪ್ ಡ್ಯಾನ್ಸರ್‌ಗಳೆನ್ನುತ್ತಾರೆ. ಪಾಶ್ಚಾತ್ಯ ರಂಗಭೂಮಿಯಲ್ಲಿ ಅವರ ಪಂಕ್ತಿಗೆ ಕೋರಸ್ ಲೈನ್ ಎಂದು ಹೆಸರು. ಇವರು ಯಾರೆಂಬ ಪ್ರಶ್ನೆಗೆ ಲೋಕರೂಢಿಯಲ್ಲಿ ದೊರೆಯುವ ಉತ್ತರ, ಇನ್ನೂ ತಾರೆಯಾಗದವರು ಎಂಬುದು. ಪತ್ರಿಕೆಗಳಲ್ಲಿಯೂ ಅವರ ಪ್ರಸ್ತಾಪ ಬರುವುದು, ಸಾಲಿನಿಂದ ಹೊರಬಂದು ಹೆಸರು ಗಳಿಸಿದವರೊಬ್ಬರ ಜೀವನವೃತ್ತಾಂತದ ಮೊದಲ ವಾಕ್ಯದಲ್ಲಿ ಮಾತ್ರ. ಒಂದು ಕಲೆಯನ್ನು ಅದನ್ನು ಬಿಟ್ಟುಹೋದವರ ಮೂಲಕವೇ ಅಳೆಯುವ ಈ ಪರಿಪಾಠ ನ್ಯಾಯವಾದುದಲ್ಲವೆಂದು ಹೇಳಬೇಕೆಂಬುದು ನನ್ನ ಬಹುಕಾಲದ ಅಭಿಲಾಷೆ. ಕೊಡಗಿನಲ್ಲಿ, ಕಾವೇರಿಯ ದಡದ ನಾಪೋಕ್ಲಿನಲ್ಲಿ ಕುಳಿತು ಬರೆಯುವವನಿಗೆ ಅದನ್ನು ಸಮರ್ಥಿಸಲು ಬೇಕಾದ ಆಧಾರ ಬಹು ದೂರದಲ್ಲೇನೂ ಇಲ್ಲ.

ಸಮೂಹನರ್ತಕನ ಲಕ್ಷಣವೇನು? ಹಿಂದೆ ನಿಲ್ಲುವುದು ಲಕ್ಷಣವಲ್ಲ, ಅದು ಕೇವಲ ಸ್ಥಾನ. ಎಡಬಲದಲ್ಲಿರುವವರನ್ನು ತಲೆ ತಿರುಗಿಸದೆ ಕಣ್ಣಂಚಿನಿಂದಲೇ ಗ್ರಹಿಸಿ, ಅವರ ಭುಜದ ಎತ್ತರಕ್ಕೆ ತನ್ನ ಭುಜವನ್ನೂ, ಅವರ ಹೆಜ್ಜೆಯ ಅಳತೆಗೆ ತನ್ನ ಹೆಜ್ಜೆಯನ್ನೂ ಸರಿದೂಗಿಸಿ, ತನ್ನ ದೇಹಕ್ಕೆ ಸಹಜವಾಗಿ ಒದಗಿಬರುವ ಬೆಡಗನ್ನು ಬೇಕೆಂದೇ ಅಡಗಿಸಿಟ್ಟು, ಹಲವು ದೇಹಗಳಿಂದ ಒಂದು ಚಲನೆಯನ್ನು ನಿರ್ಮಿಸುವ ಸಾಮರ್ಥ್ಯವೇ ಆತನ ನಿಜವಾದ ಲಕ್ಷಣ. ಏಕಾಕಿಯಾಗಿ ಕುಣಿಯುವವನು ತಾಳಕ್ಕೆ ಮಾತ್ರ ಋಣಿ. ಸಾಲಿನಲ್ಲಿ ಕುಣಿಯುವವನು ತಾಳಕ್ಕೂ ಋಣಿ, ನೆರೆಯವನಿಗೂ ಋಣಿ. ಒಬ್ಬನು ತಪ್ಪಿದರೆ ಎಲ್ಲರೂ ತಪ್ಪಿದಂತೆ ಕಾಣುವ ಈ ವಿದ್ಯೆಯಲ್ಲಿ ನುರಿತವನ ಶ್ರಮ, ಅದು ಯಶಸ್ವಿಯಾದಷ್ಟೂ ಪ್ರೇಕ್ಷಕನ ಕಣ್ಣಿಗೆ ಬೀಳದು. ಬೇರೆ ಕಲಾವಿದರಿಗೆ ಕೀರ್ತಿಯನ್ನು ತರುವ ನೈಪುಣ್ಯವೇ ಇವನನ್ನು ಅಜ್ಞಾತನನ್ನಾಗಿ ಉಳಿಸುತ್ತದೆ.

ಈ ಸಾಲನ್ನು ಒಂದು ಶಾಸ್ತ್ರದಂತೆ ರೂಪಿಸಿದವರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾನ್ ಟಿಲ್ಲರ್ ಪ್ರಮುಖನು. 1890ರ ದಶಕದಲ್ಲಿ ಆತನು ಬಾಲಕಿಯರಿಗೆ ಪರಸ್ಪರ ತೋಳು ಬಳಸಿ ಒಂದೇ ಎತ್ತರಕ್ಕೆ ಕಾಲನ್ನೆಸೆಯುವ ಶಿಕ್ಷಣವನ್ನು ಕೊಟ್ಟನು. ಅಮೆರಿಕೆಯಲ್ಲಿ 1925ರಲ್ಲಿ ಆರಂಭವಾಗಿ 1932ರಿಂದ ನ್ಯೂಯಾರ್ಕಿನ ರೇಡಿಯೋ ಸಿಟಿ ರಂಗಮಂದಿರದಲ್ಲಿ ನೆಲೆಗೊಂಡ ರಾಕೆಟ್ಸ್ ತಂಡದ ಮೂವತ್ತಾರು ನರ್ತಕಿಯರ ಸಾಲಿನಲ್ಲಿ ಅತಿ ಎತ್ತರದವರು ನಡುವೆಯೂ, ಕ್ರಮೇಣ ಗಿಡ್ಡವಾದವರು ಎರಡು ತುದಿಗಳ ಕಡೆಗೂ ನಿಲ್ಲುತ್ತಾರೆ. ಇದರಿಂದ ನೋಡುವವರಿಗೆ ಎಲ್ಲರೂ ಸಮಾನ ಎತ್ತರದವರೆಂಬ ಭ್ರಾಂತಿ ಹುಟ್ಟುತ್ತದೆ. ಈ ಸಾಲಿನವರ ಅಂತರಂಗವನ್ನೇ ವಸ್ತುವಾಗಿಸಿಕೊಂಡ ‘ಎ ಕೋರಸ್ ಲೈನ್’ ಎಂಬ ಸಂಗೀತನಾಟಕ 1975ರಲ್ಲಿ ರಂಗವನ್ನೇರಿತು. ಅದನ್ನು ನಿರ್ದೇಶಿಸಿದ ಮೈಕಲ್ ಬೆನೆಟ್ ತಾನೇ ಸಾಲಿನಲ್ಲಿ ಕುಣಿದು ಮೇಲೆ ಬಂದವನು; ನರ್ತಕರು ತಮ್ಮ ಬಾಳನ್ನು ಕುರಿತು ಆಡಿದ ಮಾತುಗಳನ್ನು ಧ್ವನಿಮುದ್ರಿಸಿಕೊಂಡು, ಅವುಗಳಿಂದಲೇ ಆ ನಾಟಕವನ್ನು ಕಟ್ಟಲಾಯಿತು. ಎಂಟು ಸ್ಥಾನಗಳಿಗಾಗಿ ಬಂದ ಹದಿನೇಳು ಮಂದಿ ಒಬ್ಬೊಬ್ಬರಾಗಿ ತಮ್ಮ ಬಾಲ್ಯವನ್ನೂ ಅವಮಾನಗಳನ್ನೂ ಆಸೆಗಳನ್ನೂ ಹೇಳಿಕೊಳ್ಳುವುದನ್ನು ಎರಡು ಗಂಟೆಗಳ ಕಾಲ ಕೇಳಿ, ಅವರೆಲ್ಲರ ಪರಿಚಯವನ್ನು ಮಾಡಿಕೊಂಡ ಪ್ರೇಕ್ಷಕನ ಮುಂದೆ, ಅಂತ್ಯದಲ್ಲಿ ಎಲ್ಲರೂ ಏಕರೀತಿಯ ಹೊಂಬಣ್ಣದ ಪೋಷಾಕಿನಲ್ಲಿ ಕುಣಿಯುತ್ತ ಬರುತ್ತಾರೆ. ಆಗ ಯಾರು ಯಾರೆಂದು ಗುರುತಿಸುವುದೇ ದುಸ್ಸಾಧ್ಯವಾಗುತ್ತದೆ. 1976ರಲ್ಲಿ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದು 1990ರವರೆಗೆ ಎಡೆಬಿಡದೆ ನಡೆದ ಆ ನಾಟಕ ಮಾಡಿದ ಉಪಕಾರವನ್ನು ನಮ್ಮ ದೇಶದ ಯಾವ ನಾಟಕವಾಗಲಿ ಚಿತ್ರವಾಗಲಿ ನಮ್ಮ ಸಮೂಹನರ್ತಕರಿಗೆ ಇನ್ನೂ ಮಾಡಿಲ್ಲವೆಂಬುದು ನನ್ನ ಭಾವನೆ.

ಸಾಲಿನಿಂದ ಹೊರಬಂದವರ ಕಥೆ ನಮ್ಮಲ್ಲಿ ಕಡಿಮೆಯಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದಿಂದ ತಾಯಿಯೊಡನೆ ಕಾಲ್ನಡಿಗೆಯಲ್ಲಿ ಭಾರತವನ್ನು ಸೇರಿದ ಬಾಲಕಿ ಹೆಲೆನ್, ಆ ಕಾಲದ ಪ್ರಸಿದ್ಧ ನರ್ತಕಿ ಕುಕ್ಕೂ ಅವರ ನೆರವಿನಿಂದ 1951ರ ‘ಆವಾರಾ’ ಚಿತ್ರದಲ್ಲಿ ಗುಂಪಿನೊಳಗೊಬ್ಬಳಾಗಿ ಕುಣಿದು, ಮುಂದೆ ಹಿಂದೀ ಚಿತ್ರರಂಗದ ನೃತ್ಯಕ್ಕೇ ಪರ್ಯಾಯನಾಮವಾದರು. ಸರೋಜ್ ಖಾನ್ ಅವರೂ ಗುಂಪಿನಲ್ಲಿ ಕುಣಿಯುತ್ತಲೇ ನೃತ್ಯನಿರ್ದೇಶಕ ಬಿ. ಸೋಹನ್‌ಲಾಲ್ ಅವರಲ್ಲಿ ಶಿಷ್ಯವೃತ್ತಿ ಮಾಡಿ, ನೃತ್ಯನಿರ್ದೇಶನವೆಂಬ ಕೆಲಸಕ್ಕೂ ಪ್ರಶಸ್ತಿಯೊಂದಿರಬೇಕೆಂದು ಉದ್ಯಮ ಒಪ್ಪಿಕೊಳ್ಳುವಂತಹ ಎತ್ತರಕ್ಕೆ ಏರಿದರು. ಗಣೇಶ್ ಆಚಾರ್ಯರ ನೃತ್ಯತಂಡದಲ್ಲಿದ್ದ ಡೈಸಿ ಶಾ 2011ರಲ್ಲಿ ‘ಭದ್ರ’, ‘ಬಾಡಿಗಾರ್ಡ್’ ಚಿತ್ರಗಳ ಮೂಲಕ ನಾಯಿಕೆಯಾದುದು ಕನ್ನಡದಲ್ಲಿಯೇ.

ಆದರೆ ಕನ್ನಡಿಗನಾದವನು ಹೆಚ್ಚಿನ ಅಭಿಮಾನದಿಂದ ಸ್ಮರಿಸಬೇಕಾದದ್ದು ಮೂಗೂರು ಸುಂದರ್ ಅವರನ್ನು. ತಿರುಮಕೂಡಲು ನರಸೀಪುರದ ಸೀಮೆಯ ಮೂಗೂರಿನಿಂದ ಮದರಾಸನ್ನು ಸೇರಿ, ಹೊಟ್ಟೆಪಾಡಿನ ಸಣ್ಣಪುಟ್ಟ ಕೆಲಸಗಳ ನಡುವೆ ನೃತ್ಯವನ್ನು ಕಲಿತು, ಚಿತ್ರಗಳ ಸಾಲಿನಲ್ಲಿ ಒಬ್ಬರಾಗಿ ನಿಂತು, ಕ್ರಮೇಣ ಸಹಾಯಕರಾಗಿ, ಕಡೆಗೆ ದಕ್ಷಿಣದ ಎಲ್ಲ ಭಾಷೆಗಳ ಚಿತ್ರಗಳಿಗೂ ಬೇಕಾದ ಡ್ಯಾನ್ಸ್ ಮಾಸ್ಟರ್ ಆದ ಅವರ ಬದುಕಿನಲ್ಲಿ ಸಾಲಿನ ವಿದ್ಯೆಯ ಬೆಲೆ ಸ್ಪಷ್ಟವಾಗಿ ಕಾಣುತ್ತದೆ. ಸಾಲಿನಲ್ಲಿ ನಿಂತು ಕಲಿತದ್ದನ್ನು ಅವರು ಬಿಟ್ಟುಬರಲಿಲ್ಲ. ಅದನ್ನೇ ಇತರರಿಗೆ ಹೇಳಿಕೊಟ್ಟು ಜೀವಿಸಿದರು. 1973ರಲ್ಲಿ ಮೈಸೂರಿನಲ್ಲಿ ಜನಿಸಿದ ಅವರ ಮಗ ಪ್ರಭುದೇವ ಅವರನ್ನು ಮೊದಲು ತೆರೆಯ ಮೇಲೆ ಕಂಡವರೂ ನಾಯಕನಾಗಿ ಕಾಣಲಿಲ್ಲ. 1988ರ ‘ಅಗ್ನಿ ನಕ್ಷತ್ರಂ’ ಎಂಬ ತಮಿಳು ಚಿತ್ರದ ಹಾಡಿನಲ್ಲಿ ಅವರು ಹಿನ್ನೆಲೆಯ ನರ್ತಕ. ಆ ಹುಡುಗನೇ ಮುಂದೆ ನೃತ್ಯನಿರ್ದೇಶನಕ್ಕಾಗಿ ಎರಡು ಬಾರಿ ರಾಷ್ಟ್ರಪ್ರಶಸ್ತಿಯನ್ನು ಗಳಿಸಿದ್ದು. ನೃತ್ಯದ ಸಾಲಲ್ಲವಾದರೂ, ಇಲ್ಲಿ ಇನ್ನೊಂದು ಸಾಲನ್ನು ನೆನೆಯುವುದು ಅಪ್ರಸ್ತುತವಾಗಲಾರದು: 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಕನ್ನಡಿಗರ ಹೃದಯವನ್ನು ಪ್ರವೇಶಿಸಿದ ರಾಜಕುಮಾರರು, ಅದಕ್ಕೆ ಎರಡು ವರ್ಷ ಮೊದಲು ‘ಶ್ರೀ ಶ್ರೀನಿವಾಸ ಕಲ್ಯಾಣ’ ಚಿತ್ರದಲ್ಲಿ ಸಪ್ತರ್ಷಿಗಳ ನಡುವೆ ಒಬ್ಬ ಋಷಿಯಾಗಿ ನಿಂತಿದ್ದರು.

ಇವರೆಲ್ಲರನ್ನೂ ಕೊಂಡಾಡುವುದು ಉಚಿತವೇ. ಆದರೆ ಇವರ ಕಥೆಗಳನ್ನು ನಾವು ಹೇಳುವ ರೀತಿಯಲ್ಲಿ, ಸಾಲೆಂಬುದು ಒಂದು ಸೆರೆಮನೆ, ಪ್ರತಿಭೆಯುಳ್ಳವನು ಅದರಿಂದ ಬಿಡುಗಡೆ ಹೊಂದುತ್ತಾನೆ, ಉಳಿದವನು ಅರ್ಹತೆಯಿಲ್ಲದೆ ಅಲ್ಲಿಯೇ ಉಳಿಯುತ್ತಾನೆ ಎಂಬ ಭಾವನೆ ಅಡಗಿರುತ್ತದೆ. ಜೋಸೆಫಿನ್ ಬೇಕರ್ 1920ರ ದಶಕದ ಆರಂಭದಲ್ಲಿ ಅಮೆರಿಕೆಯ ನೀಗ್ರೋ ನಾಟಕತಂಡವೊಂದರ ಸಾಲಿನ ಕಟ್ಟಕಡೆಯಲ್ಲಿ ನಿಂತು, ಹೆಜ್ಜೆಯನ್ನು ಮರೆತವಳಂತೆ ಅಭಿನಯಿಸಿ, ಕಣ್ಣುಗಳನ್ನು ಹೊರಳಿಸಿ, ಜನರ ದೃಷ್ಟಿಯನ್ನೆಲ್ಲ ತನ್ನ ಕಡೆಗೆ ಸೆಳೆದುಕೊಂಡು, 1925ರಲ್ಲಿ ಪ್ಯಾರಿಸ್ಸನ್ನು ಸೇರಿ ಲೋಕಪ್ರಸಿದ್ಧಳಾದಳು. ವರ್ಣಭೇದದ ಆ ದೇಶದಲ್ಲಿ ಆಕೆಗೆ ಬೇರೆ ದಾರಿಯಿರಲಿಲ್ಲ. ಆಕೆಯ ಧೈರ್ಯವನ್ನು ಗೌರವಿಸದಿರಲು ಸಾಧ್ಯವಿಲ್ಲ. ಆದರೂ ಸಾಲನ್ನು ಮುರಿದಾಗಲೇ ಕಲಾವಿದೆಯೆಂದು ಗುರುತಿಸುವ ಪ್ರೇಕ್ಷಕರು, ಆಕೆಯ ಪಕ್ಕದಲ್ಲಿ ಹೆಜ್ಜೆ ತಪ್ಪದೆ ಕುಣಿದವರಿಗೆ ಏನನ್ನು ಕೊಟ್ಟರು?

ನಮ್ಮ ಯಕ್ಷಗಾನ ಈ ಪ್ರಶ್ನೆಗೆ ಒಂದು ಉತ್ತರವನ್ನು ಬಹು ಹಿಂದೆಯೇ ಕಂಡುಕೊಂಡಿದೆ. ಮೇಳವನ್ನು ಸೇರಿದ ಹುಡುಗನು ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯಬೇಕು. ಇನ್ನೂ ಪ್ರಸಂಗ ಆರಂಭವಾಗಿರದ, ಜನರು ಚಾಪೆ ಹಾಸಿಕೊಂಡು ಅತ್ತಿತ್ತ ಮಾತಾಡುತ್ತಿರುವ ಆ ಹೊತ್ತಿನಲ್ಲಿ, ಚೆಂಡೆ ಮದ್ದಳೆಗಳ ಮುಂದೆ ಆತನು ಕಾಲಿಗೆ ತಾಳವನ್ನು ಕಲಿಸಿಕೊಳ್ಳುತ್ತಾನೆ. ಆನಂತರ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ. ಅದರಾಚೆಗೆ ಪುಂಡುವೇಷ, ಕಿರೀಟವೇಷ. ಇಲ್ಲಿ ಗಮನಿಸತಕ್ಕದ್ದೆಂದರೆ, ಏಣಿಯ ಅತಿ ಕೆಳಗಿನ ಮೆಟ್ಟಿಲಿಗೂ ಒಂದು ಹೆಸರಿದೆ, ಒಂದು ಉಡುಪಿದೆ, ಒಂದು ಹೊತ್ತಿದೆ, ಆ ಹೊತ್ತು ಪೂರ್ತಿಯಾಗಿ ಆ ಹುಡುಗನದೇ ಆಗಿದೆ. ಇಂದಿನ ಪ್ರಧಾನವೇಷಧಾರಿ ತಾನು ಒಂದು ಕಾಲಕ್ಕೆ ಕೋಡಂಗಿಯಾಗಿದ್ದೆನೆಂದು ಹೇಳಿಕೊಂಡರೆ ಅದು ದೈನ್ಯದ ಮಾತಲ್ಲ, ಕ್ರಮಪ್ರಕಾರ ಕಲಿತವನೆಂಬುದಕ್ಕೆ ಪ್ರಮಾಣ. ಈಚೆಗೆ ಕಾಲಮಿತಿಯ ಪ್ರದರ್ಶನಗಳು ರೂಢಿಗೆ ಬಂದು ಪೂರ್ವರಂಗವನ್ನು ಮೊಟಕುಗೊಳಿಸುತ್ತಿರುವುದರಿಂದ ಆಗುವ ದೊಡ್ಡ ಹಾನಿ ಇದೇ. ಆಟದ ಉದ್ದ ಕಡಿಮೆಯಾದದ್ದನ್ನು ಸಹಿಸಬಹುದು, ಹುಡುಗರು ಜನರ ಎದುರು ಕಲಿಯುವ ಹೊತ್ತೇ ಇಲ್ಲವಾದರೆ ಸಹಿಸಲಾಗದು.

ಕೊಡಗಿನ ಕುಣಿತಗಳು ಇನ್ನೂ ಮುಂದಕ್ಕೆ ಹೋಗಿ, ಸಾಲೆಂಬುದನ್ನೇ ನಿರಾಕರಿಸುತ್ತವೆ. ನಮ್ಮಲ್ಲಿ ಇರುವುದು ವೃತ್ತ. ಕೊಡವರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ತೊಟ್ಟ ಗಂಡಸರು ಚವರಿ ಹಿಡಿದು ದೀಪದ ಸುತ್ತ ಬೊಳಕಾಟ್ ಆಡುವಾಗಲೂ, ಸುಗ್ಗಿಹಬ್ಬವಾದ ಪುತ್ತರಿಯ ಕಾಲಕ್ಕೆ ಮಂದ್ ಎಂಬ ಊರ ಬಯಲಿನಲ್ಲಿ ಕೋಲಾಟ ನಡೆಯುವಾಗಲೂ, ಯಾರ ಹಿಂದೆ ಯಾರು ನಿಂತರೆಂದು ಹೇಳಲು ಬಾರದು. ಕ್ಷಣದ ಹಿಂದೆ ಮರೆಯಲ್ಲಿದ್ದವನು ಈಗ ಎದುರಿಗೆ ಬಂದಿರುತ್ತಾನೆ, ಎದುರಿಗಿದ್ದವನು ಮರೆಗೆ ಸರಿದಿರುತ್ತಾನೆ. ಹಾಡುವವರು ದುಡಿ ಬಾರಿಸುತ್ತ ಬೇರೆಯಾಗಿ ನಿಂತಿರುತ್ತಾರೆ. ಕುಣಿಯುವವರಲ್ಲಿ ಮಾತ್ರ ಮೊದಲು ಕೊನೆಗಳಿಲ್ಲ. ಹೆಂಗಸರ ಉಮ್ಮತ್ತಾಟ್ ಈ ತತ್ತ್ವದ ಪರಿಪೂರ್ಣ ರೂಪವೆಂದು ನನಗೆ ತೋರುತ್ತದೆ. ನೆರಿಗೆಯನ್ನು ಹಿಂದಕ್ಕೆ ಉಟ್ಟ ಸ್ತ್ರೀಯರು—ಆ ನೆರಿಗೆಗಳನ್ನು ಕಾವೇರಿಯ ಪ್ರವಾಹವೇ ಬಲಮುರಿಯಲ್ಲಿ ಹಿಂದಕ್ಕೆ ತಳ್ಳಿತೆಂಬ ಐತಿಹ್ಯವನ್ನು ನಮ್ಮ ಮಕ್ಕಳೂ ಬಲ್ಲರು—ಕೈಯಲ್ಲಿ ಕಂಚಿನ ತಾಳಗಳನ್ನು ಹಿಡಿದು ಬಾಗುತ್ತ ಏಳುತ್ತ ಸುತ್ತುವರಿದು ಬರುತ್ತಾರೆ. ಮಧ್ಯದಲ್ಲಿ ಕುಂಭವನ್ನು ಧರಿಸಿದ ಒಬ್ಬಾಕೆ ಕಾವೇರಿಯ ಪ್ರತೀಕವಾಗಿ ನಿಂತಿರುತ್ತಾಳೆ. ಕೇಂದ್ರಸ್ಥಾನ ಅಲ್ಲಿ ನದೀದೇವತೆಗೆ ಮೀಸಲಾದುದರಿಂದ ಯಾವ ನರ್ತಕಿಯೂ ಅದನ್ನು ತನ್ನದೆಂದು ಬಯಸುವಂತಿಲ್ಲ. ನಾಯಿಕೆ ನಿಲ್ಲಬೇಕಾದ ಸ್ಥಳವನ್ನು ದೇವರಿಗೆ ಕೊಟ್ಟು, ಉಳಿದವರನ್ನೆಲ್ಲ ಸಮಾನ ದೂರದಲ್ಲಿ ನಿಲ್ಲಿಸಿದ ಈ ರಚನೆಯನ್ನು ಮಾಡಿದ ನಮ್ಮ ಹಿರಿಯರ ವಿವೇಕಕ್ಕೆ ನಾನು ಮತ್ತೆ ಮತ್ತೆ ತಲೆವಾಗುತ್ತೇನೆ.

2023ರಲ್ಲಿ ಕೊಡಗಿನ ರಾಣಿ ಮಾಚಯ್ಯ ಅವರಿಗೆ ಉಮ್ಮತ್ತಾಟ್ ಕಲೆಗಾಗಿ ಪದ್ಮಶ್ರೀ ದೊರೆತಾಗ ನಾಡೆಲ್ಲ ಸಂತೋಷಪಟ್ಟಿತು. ಆ ಗೌರವದಲ್ಲಿ ಒಂದು ವಿಶೇಷವಿದೆ. ಪದ್ಮ ಪ್ರಶಸ್ತಿಗಳು ವ್ಯಕ್ತಿಗಳಿಗೆ ಸಲ್ಲತಕ್ಕವು; ಉಮ್ಮತ್ತಾಟ್‌ನಲ್ಲಿಯಾದರೋ ಒಬ್ಬಳೇ ಕುಣಿಯುವುದೆಂಬುದು ಇಲ್ಲ. ಹೆಲೆನ್ ಅವರಂತೆ, ಪ್ರಭುದೇವ ಅವರಂತೆ ಗುಂಪನ್ನು ಹಿಂದಕ್ಕೆ ಬಿಟ್ಟು ಮುಂದೆ ಬಂದುದಕ್ಕೆ ದೊರೆತ ಮನ್ನಣೆ ಇದಲ್ಲ. ವೃತ್ತದೊಳಗೇ ಉಳಿದು, ಇನ್ನಷ್ಟು ಹೆಣ್ಣುಮಕ್ಕಳನ್ನು ಆ ವೃತ್ತಕ್ಕೆ ಕರೆತಂದುದಕ್ಕೆ ದೊರೆತದ್ದು. ಸಮೂಹನರ್ತಕಿಯಾಗಿ ಆರಂಭಿಸಿ ಸಮೂಹನರ್ತಕಿಯಾಗಿಯೇ ಪೂಜ್ಯಳಾಗುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ನನಗೆ ತಿಳಿಯದು.

ಆದರೆ ವೃತ್ತವೂ ಈಗ ಅಪಾಯದಿಂದ ದೂರವಾಗಿಲ್ಲ. ಕುಲದ ಮೂಲಮನೆಯಾದ ಐನ್‌ಮನೆಯ ಅಂಗಳದಿಂದಲೂ ಮಂದ್‌ನಿಂದಲೂ ಸಭಾಭವನದ ವೇದಿಕೆಗೆ ಏರಿದ ಕುಣಿತ, ಎದುರಿಗೆ ಕುಳಿತ ಅತಿಥಿಗಳಿಗೆ ಬೆನ್ನು ತೋರಬಾರದೆಂಬ ಸಂಕೋಚದಿಂದ, ಅರ್ಧಚಂದ್ರಾಕಾರವಾಗಿ ತೆರೆದುಕೊಳ್ಳುತ್ತದೆ. ಇನ್ನಷ್ಟು ತೆರೆದರೆ ಅದು ಸಾಲೇ. ಒಮ್ಮೆ ಸಾಲಾಯಿತೆಂದರೆ ಮುಂದಿನ ಸಾಲು, ಹಿಂದಿನ ಸಾಲು ಎಂದಾಗುತ್ತದೆ, ಚೆಲುವಾದ ಮುಖಗಳನ್ನು ಮುಂದಕ್ಕೆ ನಿಲ್ಲಿಸುವ ಪದ್ಧತಿ ಹುಟ್ಟುತ್ತದೆ, ಚಿತ್ರಗ್ರಾಹಕನ ಕಣ್ಣು ಅಲ್ಲಿಯೇ ನೆಡುತ್ತದೆ. ಸ್ಪರ್ಧೆಗಳನ್ನು ಏರ್ಪಡಿಸುವ ನಮ್ಮ ಸಮಾಜಗಳೂ ಸಂಘಗಳೂ ವೇದಿಕೆಯನ್ನು ಬಿಟ್ಟು ಮೈದಾನದ ನಡುವೆ ಕುಣಿಸಿ, ನೋಡುವವರನ್ನು ಸುತ್ತಲೂ ಕೂರಿಸಿದರೆ ಖರ್ಚೂ ಕಡಿಮೆ, ಕಲೆಯ ರೂಪವೂ ಉಳಿಯುತ್ತದೆ. ತೀರ್ಪುಗಾರರು ಬೇಕಾದರೆ ಎದ್ದು ಒಂದು ಸುತ್ತು ನಡೆಯಲಿ. ತಂಡದ ಹೆಸರನ್ನೂ ಮುಖಂಡರ ಹೆಸರನ್ನೂ ಕೂಗಿ ಸುಮ್ಮನಾಗುವ ನಿರೂಪಕರು, ಕುಣಿದವರೆಲ್ಲರ ಹೆಸರುಗಳನ್ನು ಓದಲು ಬೇಕಾದ ಒಂದು ನಿಮಿಷವನ್ನು ತೆಗೆದಿಡಲಿ.

ಬೆಂಗಳೂರಿನ ಚಿತ್ರನಿರ್ಮಾಪಕರಲ್ಲಿಯೂ ನನ್ನ ವಿಜ್ಞಾಪನೆಯೊಂದಿದೆ. ಕಾಲ್‌ಶೀಟಿನ ಲೆಕ್ಕದಲ್ಲಿ ದಿನಗೂಲಿ ಪಡೆದು, ಬಿಸಿಲೆನ್ನದೆ ಬಂಡೆಯೆನ್ನದೆ ಒಂದೇ ಹೆಜ್ಜೆಯನ್ನು ಹತ್ತಾರು ಬಾರಿ ಹಾಕಿ, ಮೊಣಕಾಲು ಸವೆಯುವ ವಯಸ್ಸಿಗೆ ಕೆಲಸವನ್ನು ಕಳೆದುಕೊಳ್ಳುವ ಈ ಜನರ ಹೆಸರುಗಳಿಗೆ, ಚಿತ್ರದ ಕೊನೆಯಲ್ಲಿ ನಿಮಿಷಗಟ್ಟಲೆ ಹರಿಯುವ ಶೀರ್ಷಿಕೆಗಳಲ್ಲಿ ಸ್ಥಳವಿಲ್ಲದೆ ಇಲ್ಲ. ವಾಹನ ಚಾಲಕರ ಹೆಸರುಗಳು ಅಲ್ಲಿ ಬರುತ್ತವೆ, ಊಟ ಬಡಿಸಿದವರ ಹೆಸರುಗಳು ಬರುತ್ತವೆ, ಅವು ಬರತಕ್ಕವೇ. ಪ್ರತಿಯೊಂದು ಹಾಡಿನ ಕೆಳಗೂ ಅದರಲ್ಲಿ ಕುಣಿದವರ ಹೆಸರುಗಳನ್ನು ಹಾಕಲಿ, ಚಿತ್ರೀಕರಣದ ಕಾಲದಲ್ಲಿ ಕಾಲು ಮುರಿದವನಿಗೆ ಗುಣವಾಗುವವರೆಗಿನ ಕೂಲಿಯನ್ನು ಕರಾರಿನಲ್ಲಿಯೇ ಬರೆಯಲಿ, ನೃತ್ಯನಿರ್ದೇಶಕರ ಸಹಾಯಕರನ್ನು ಆರಿಸುವಾಗ ಹತ್ತು ವರ್ಷ ಸಾಲಿನಲ್ಲಿ ನಿಂತವರಿಗೆ ಮೊದಲ ಕರೆ ಹೋಗಲಿ.