ಕಾದಿರಿಸಿದ ಸ್ಥಳವೂ ಬಿಟ್ಟುಕೊಡುವ ಧರ್ಮವೂ

ಊರಿಗೆ ಹೊರಡುವ ಮನುಷ್ಯನಿಗೆ ಹಣ, ರಜೆ, ಆರೋಗ್ಯ ಇವೆಲ್ಲ ಒದಗಿದ ಮೇಲೂ ಒಂದು ವಸ್ತು ದೊರೆಯದಿದ್ದರೆ ಪ್ರಯಾಣವೇ ನಿಂತುಹೋಗುತ್ತದೆ. ಅದು ಕುಳಿತುಕೊಳ್ಳಲು ಅಥವಾ ಮಲಗಲು ಬೇಕಾದ ಅಂಗೈಯಗಲ ಜಾಗ. ಈ ಜಾಗಕ್ಕಾಗಿ ನಡೆಯುವ ಹೋರಾಟ ಪರಸ್ಥಳದಲ್ಲಿ ದುಡಿಯುವ ಕನ್ನಡಿಗರಿಗೆ ಹೊಸತಲ್ಲ. ಆದರೆ ಜಾಗವನ್ನು ಹಿಡಿಯುವ ಚಾತುರ್ಯದ ಕುರಿತು ನಾವು ಆಡುವಷ್ಟು ಮಾತನ್ನು, ಬೇಡವಾದಾಗ ಅದನ್ನು ಬಿಟ್ಟುಕೊಡುವ ಕರ್ತವ್ಯದ ಕುರಿತು ಆಡುವುದಿಲ್ಲ. ಪ್ರಕೃತ ಆ ಎರಡನೆಯ ವಿಷಯವನ್ನೇ ವಾಚಕರ ಮುಂದಿಡಬಯಸುತ್ತೇವೆ.

ಈ ತೊಡಕು ಬಡದೇಶಗಳ ಪಾಲಿಗೆ ಮಾತ್ರ ಬಂದುದೆಂದು ಯಾರೂ ಭಾವಿಸಬೇಕಾಗಿಲ್ಲ. ಸಿರಿವಂತವಾದ ಅಮೇರಿಕದಲ್ಲಿ ಮನೆಯನ್ನೇ ಚಕ್ರಗಳ ಮೇಲಿರಿಸಿಕೊಂಡು ಸಂಚರಿಸುವ ಪರಿಪಾಠವುಂಟು. ಹಾಸಿಗೆ, ಒಲೆ, ಬಚ್ಚಲು ಎಲ್ಲವನ್ನೂ ಒಳಗೊಂಡ ಆ ವಾಹನಗಳನ್ನು ‘ಆರ್.ವಿ.’ ಎಂದು ಕರೆಯುತ್ತಾರೆ. ಮನೆಯೇ ಜೊತೆಯಲ್ಲಿರುವಾಗ ಜಾಗದ ಚಿಂತೆ ಏತಕ್ಕೆ ಎಂದು ಕೇಳಬಹುದು. ಆದರೆ ಅಂಥ ವಾಹನವನ್ನು ರಾತ್ರಿ ನಿಲ್ಲಿಸಲು ಅದರ ಉದ್ದಕ್ಕೆ ತಕ್ಕ ಸಮತಟ್ಟಾದ ನೆಲ ಬೇಕು, ನೀರು ತುಂಬಿಸಿಕೊಳ್ಳಬೇಕು, ಕೊಳೆನೀರನ್ನು ಗೊತ್ತುಪಡಿಸಿದ ಕಡೆಯಲ್ಲಿಯೇ ಹೊರಹಾಕಬೇಕು. ಇದಕ್ಕಾಗಿ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಅರಣ್ಯಗಳಲ್ಲಿಯೂ ಶಿಬಿರತಾಣಗಳಿವೆ. ಅಲ್ಲಿಯ ಕೇಂದ್ರ ಸರಕಾರಕ್ಕೆ ಸೇರಿದ ತಾಣಗಳಲ್ಲಿ ಅನೇಕವನ್ನು ತಿಂಗಳುಗಟ್ಟಲೆ ಮುಂಚಿತವಾಗಿ ಒಂದೇ ಜಾಲತಾಣದ ಮೂಲಕ ಕಾದಿರಿಸಬೇಕು. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಂಥ ಹೆಸರಾಂತ ಸ್ಥಳದಲ್ಲಿ ಬೇಸಗೆಯ ದಿನಗಳ ತಾಣಗಳು, ಕಾದಿರಿಸಲು ಅವಕಾಶ ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತವೆ.

ಹೀಗಿರುವಲ್ಲಿ ಮನುಷ್ಯಸ್ವಭಾವ ತನ್ನ ಆಟವನ್ನು ಆಡದೆ ಬಿಡುವುದಿಲ್ಲ. ‘ಇರಲಿ, ಆಮೇಲೆ ನೋಡಿಕೊಳ್ಳೋಣ’ ಎಂದು ಎರಡು ಮೂರು ಕಡೆ ತಾಣ ಹಿಡಿದಿಡುವವರಿದ್ದಾರೆ. ಕೊನೆಗೆ ಹೋಗುವುದು ಒಂದೇ ಕಡೆಗೆ. ಪರಿಣಾಮವಾಗಿ ಪುಸ್ತಕದಲ್ಲಿ ಭರ್ತಿಯಾದ ಶಿಬಿರದಲ್ಲಿ ರಾತ್ರಿ ತಾಣಗಳು ಬರಿದಾಗಿ ಬಿದ್ದಿರುತ್ತವೆ. ಜಾಗವಿಲ್ಲವೆಂಬ ಉತ್ತರ ಕೇಳಿದ ಇನ್ನೊಂದು ಕುಟುಂಬ ಮನೆಯಲ್ಲಿಯೇ ಉಳಿದಿರುತ್ತದೆ. ಇದನ್ನು ತಡೆಯಲು ಅಲ್ಲಿ ದಂಡದ ಮೆಟ್ಟಿಲುಗಳನ್ನು ಕಟ್ಟಿದ್ದಾರೆ. ಆ ಜಾಲತಾಣದ ಸಾಮಾನ್ಯ ನಿಯಮದಂತೆ ಮುಂಚಿತವಾಗಿ ರದ್ದುಪಡಿಸಿದವನು 10 ಡಾಲರು ಕಳೆದುಕೊಳ್ಳುತ್ತಾನೆ. ತಲಪಬೇಕಾದ ದಿನದ ಹೊಸ್ತಿಲಿನಲ್ಲಿ ರದ್ದುಪಡಿಸಿದವನು ಅದರೊಡನೆ ಮೊದಲ ರಾತ್ರಿಯ ಬಾಡಿಗೆಯನ್ನೂ ಕಳೆದುಕೊಳ್ಳುತ್ತಾನೆ. ಹೇಳದೆ ಕೇಳದೆ ಬಾರದೆ ಉಳಿದವನು 20 ಡಾಲರನ್ನೂ ಮೊದಲ ರಾತ್ರಿಯ ಬಾಡಿಗೆಯನ್ನೂ ತೆರುತ್ತಾನೆ. ಕ್ಯಾಲಿಫೋರ್ನಿಯಾ ರಾಜ್ಯವಂತೂ ತನ್ನ ಉದ್ಯಾನಗಳ ಮಟ್ಟಿಗೆ, ಏಳು ದಿನ ಮುಂಚೆ ಬಿಟ್ಟುಕೊಟ್ಟವನಿಗೂ ಆಮೇಲೆ ಬಿಟ್ಟುಕೊಟ್ಟವನಿಗೂ ಭೇದ ಕಲ್ಪಿಸುವ ಶಾಸನವನ್ನು 2023ರಲ್ಲಿ ಮಾಡಿತು.

ಅಮೇರಿಕದ ಕತೆ ನಮಗೇಕೆ ಎಂದು ವಾಚಕರು ಹುಬ್ಬೇರಿಸಬಾರದು. ಅಲ್ಲಿಯ ಶಿಬಿರತಾಣ ವಿನೋದದ ವಸ್ತು. ನಮ್ಮವರಿಗೆ ರೈಲಿನ ಬರ್ತು ವಿನೋದದ ವಸ್ತುವಲ್ಲ. ವರ್ಷಕ್ಕೊಮ್ಮೆ ತಾಯಿಯ ಮುಖ ಕಾಣಬೇಕೆಂಬವನಿಗೆ, ತಂಗಿಯ ಮದುವೆಗೆ ಮುಂಚಿನ ದಿನವಾದರೂ ತಲಪಬೇಕೆಂಬವನಿಗೆ, ಊರ ಕೋಲಕ್ಕೆ, ಜಾತ್ರೆಗೆ ಹೋಗಲೇಬೇಕೆಂಬವನಿಗೆ ಅದು ಬಾಳಿನ ಸಂಗತಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ಮುಂಬಯಿಯಿಂದ ಉಡುಪಿ, ಮಂಗಳೂರುಗಳ ದಾರಿ ಹತ್ತಿರವಾಯಿತು, ನಿಜ. ಆದರೆ ಮೇ ತಿಂಗಳ ರಜೆ, ಚೌತಿ, ದೀಪಾವಳಿಗಳು ಬಂದವೆಂದರೆ ಹತ್ತಿರವಾದ ಊರು ಪುನಃ ದೂರವಾಗುತ್ತದೆ. ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿಗೆ ಹೋಗುವವರ ಪಾಡೂ ಬೇರೆಯಲ್ಲ.

ಜಾಗದ ಅಭಾವ ಎಷ್ಟು ನಿಜವೋ, ಹಿಡಿದ ಜಾಗ ಹಾಳಾಗುವುದೂ ಅಷ್ಟೇ ನಿಜ. 2024ರ ನವೆಂಬರ್ 1ರಿಂದ ರೈಲ್ವೆಯು ಮುಂಗಡ ಕಾದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿತು. ಆಗ ಅದು ಕೊಟ್ಟ ಕಾರಣ ಗಮನಾರ್ಹವಾದುದು: 61ರಿಂದ 120 ದಿನ ಮುಂಚಿತವಾಗಿ ಪಡೆದ ಟಿಕೇಟುಗಳಲ್ಲಿ ಶೇಕಡಾ 21ರಷ್ಟು ರದ್ದಾಗುತ್ತಿದ್ದುವು; ಇನ್ನು ಶೇಕಡಾ 5ರಷ್ಟು ಮಂದಿ ರದ್ದನ್ನೂ ಮಾಡದೆ, ಪ್ರಯಾಣವನ್ನೂ ಮಾಡದೆ ಸುಮ್ಮನಿರುತ್ತಿದ್ದರು. ರದ್ದು ಮಾಡಿದವರನ್ನು ನಾವು ದೂಷಿಸುವುದಿಲ್ಲ. ಮನುಷ್ಯನಿಗೆ ನೂರು ಅಡಚಣೆಗಳು. ಸುಮ್ಮನಿದ್ದವರ ವಿಚಾರವಾಗಿ ಮಾತ್ರ ನಮ್ಮ ಮನಸ್ಸು ಸಮಾಧಾನಗೊಳ್ಳುವುದಿಲ್ಲ.

ಏಕೆಂದರೆ ಆ ಮೌನದ ಬೆಲೆಯನ್ನು ತೆರುವವನು ಬೇರೊಬ್ಬ. ಗಾಡಿ ಹೊರಡುವ ಕೆಲವು ಗಂಟೆಗಳ ಮುಂಚೆ ಪಟ್ಟಿ ಸಿದ್ಧವಾಗುತ್ತದೆ. ಅದಕ್ಕೆ ಮುಂಚೆ ತೆರವಾದ ಜಾಗ ಕಾಯುವವರ ಸಾಲಿನಲ್ಲಿರುವವನಿಗೆ ತಾನಾಗಿ ದೊರೆಯುತ್ತದೆ. ಪಟ್ಟಿ ಸಿದ್ಧವಾದಾಗಲೂ ಸರದಿ ಬಾರದವನ ಜಾಲದ ಟಿಕೇಟು ತಾನಾಗಿ ರದ್ದಾಗುತ್ತದೆ. ಆತ ಕಟ್ಟಿದ ಗಂಟನ್ನು ಬಿಚ್ಚಿ ಮರಳಿ ಕೆಲಸಕ್ಕೆ ಇಳಿಯುತ್ತಾನೆ. ಅನಂತರ ಗಾಡಿಯಲ್ಲಿ ಬರ್ತು ಬರಿದಾಗಿ ಕಂಡರೂ ಆತನಿಗೆ ಅದರಿಂದ ಪ್ರಯೋಜನವಿಲ್ಲ. ಬಾರದವನು ಎರಡು ದಿನ ಮುಂಚೆ ಒಂದು ಮಾತು ಹೇಳಿದ್ದರೆ ಇವನು ಊರು ಸೇರುತ್ತಿದ್ದ. ನಾವೂ ಒಮ್ಮೆ ಕೆಲಸದ ಗಡಿಬಿಡಿಯಲ್ಲಿ ಎರಡು ಬರ್ತುಗಳನ್ನು ಹೀಗೆ ಹಾಳುಗೆಡವಿದ್ದುಂಟು. ಮರುದಿನ ನಿತ್ಯದ ಹೊಟೇಲಿನಲ್ಲಿ ನಮಗೆ ಕಾಫಿ ತಂದಿಟ್ಟ ಹುಡುಗ ಅದೇ ಗಾಡಿಗೆ ಕಾದು ಜಾಗ ಸಿಗದೆ ಉಳಿದವನೆಂದು ತಿಳಿದಾಗ, ಆ ಕಾಫಿ ನಮಗೆ ರುಚಿಸಲಿಲ್ಲ.

ಆದರೆ ದೋಷವನ್ನೆಲ್ಲ ಪ್ರಯಾಣಿಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಚೇರಿಯ ಗುಮಾಸ್ತನಿಗೆ ತನ್ನ ರಜೆ ಎಂದೆಂಬುದು ಬಹುಮಟ್ಟಿಗೆ ಮುಂಚಿತವಾಗಿ ತಿಳಿದಿರುತ್ತದೆ. ಹೊಟೇಲಿನ ಅಡಿಗೆಯವನಿಗಾಗಲಿ, ಸಪ್ಲೈಯರನಿಗಾಗಲಿ ಆ ಭಾಗ್ಯವಿಲ್ಲ. ‘ಹಬ್ಬದ ವ್ಯಾಪಾರ ನೋಡಿ ಹೇಳುತ್ತೇನೆ’ ಎಂಬ ಮಾಲಕರ ಮಾತಿಗೆ ಜೋತುಬಿದ್ದವನು ಒಂದೇ ಊರಿಗೆ ಮೂರು ದಿನಗಳ ಮೂರು ಟಿಕೇಟು ಹಿಡಿದರೆ ಅದು ದುರಾಶೆಯಲ್ಲ, ನಿರುಪಾಯ. ಏನನ್ನೂ ಹಿಡಿಯದೆ ಉಳಿದರೆ ಕೊನೆಗೆ ತತ್ಕಾಲಿನ ಹೆಚ್ಚಿನ ದರವೇ ಗತಿ. ಆದ್ದರಿಂದ ನಮ್ಮ ಹೊಟೇಲು ಮಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಎರಡು ತಿಂಗಳು ಮುಂಚಿತವಾಗಿ ಯಾರಿಗೆ ಎಂದು ರಜೆ ಎಂಬ ಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿರಿ, ಬರೆದುದನ್ನು ನಡೆಸಿಕೊಡಿರಿ. ಇದಕ್ಕೆ ಖರ್ಚು ತಗಲುವುದಿಲ್ಲ. ರಜೆ ನಿಶ್ಚಿತವಾದವನು ಒಂದೇ ಟಿಕೇಟು ತೆಗೆಯುತ್ತಾನೆ, ಹೇಳಿದ ದಿನ ಮರಳಿ ಬರುತ್ತಾನೆ.

ರೈಲ್ವೆಯವರೊಡನೆಯೂ ನಮಗೆ ಎರಡು ಮಾತುಗಳಿವೆ. 2015ರ ನವೆಂಬರಿನಲ್ಲಿ ಜಾರಿಗೆ ಬಂದ ನಿಯಮಗಳಲ್ಲಿ, ಗಾಡಿ ಹೊರಡುವ 48 ಗಂಟೆಗಳಿಗೆ ಮುಂಚೆ ರದ್ದಾದ ಸ್ಲೀಪರ್ ಟಿಕೇಟಿಗೆ 120 ರೂಪಾಯಿ ಮುರಿದುಕೊಳ್ಳುವುದೆಂದೂ, 48ರಿಂದ 12 ಗಂಟೆಗಳ ಒಳಗೆ ಕಾಲುಭಾಗ, 12ರಿಂದ 4 ಗಂಟೆಗಳ ಒಳಗೆ ಅರ್ಧಭಾಗ ಹೋಗುವುದೆಂದೂ ಗೊತ್ತುಮಾಡಲಾಯಿತು. ಇಂಥ ಅಂಕಿಗಳು ಕಾಲಕಾಲಕ್ಕೆ ಬದಲಾಗುವಂಥವು. ನಮ್ಮ ಆಕ್ಷೇಪ ತತ್ತ್ವದ ಕುರಿತು. ಐವತ್ತು ದಿನ ಮುಂಚೆ ಬಿಟ್ಟುಕೊಟ್ಟವನಿಗೂ ಐದು ದಿನ ಮುಂಚೆ ಬಿಟ್ಟುಕೊಟ್ಟವನಿಗೂ ಒಂದೇ ದಂಡವಾದರೆ, ಬೇಗ ಬಿಟ್ಟುಕೊಡಲು ಪ್ರೇರಣೆ ಎಲ್ಲಿಂದ ಬರಬೇಕು? ತಿಂಗಳಿಗೆ ಮುಂಚೆ ಮರಳಿಸಿದವನಿಂದ ಅತ್ಯಲ್ಪವನ್ನು ತೆಗೆದುಕೊಂಡು, ದಿನ ಹತ್ತಿರವಾದಂತೆ ಏರಿಸುತ್ತ ಹೋಗುವುದು ಯುಕ್ತ. ಎರಡನೆಯದು, ಜಾಗವನ್ನೇ ಕೊಡದೆ ಕಾಯಿಸಿದ ಟಿಕೇಟಿನಿಂದಲೂ ಪ್ರತಿಯೊಬ್ಬನಿಗೆ 60 ರೂಪಾಯಿಯನ್ನು ಗುಮಾಸ್ತೆಯ ಖರ್ಚೆಂದು ಮುರಿದುಕೊಳ್ಳುವ ನಿಯಮವನ್ನು ಅದೇ ವರ್ಷ ಮಾಡಲಾಯಿತು. ಊಟ ಬಡಿಸದೆ ಎಲೆಯ ಬೆಲೆ ವಸೂಲು ಮಾಡುವ ಖಾನಾವಳಿಯನ್ನು ನಮ್ಮಲ್ಲಿ ಯಾರು ಒಪ್ಪಿಯಾರು?

ಇಷ್ಟು ಹೇಳಿದ ಮೇಲೆ, ಮಾಲಕರು ತಿದ್ದಿಕೊಳ್ಳಲಿ, ರೈಲ್ವೆ ತಿದ್ದಿಕೊಳ್ಳಲಿ ಎಂದು ನಾವು ಕೈಕಟ್ಟಿ ಕುಳಿತಿರುವುದು ಸಲ್ಲದು. ಹೋಗುವುದಿಲ್ಲವೆಂದು ತಿಳಿದ ದಿನವೇ ಟಿಕೇಟನ್ನು ರದ್ದುಪಡಿಸುವುದು ನಮ್ಮ ಕೈಯಲ್ಲಿದೆ. ಜಾಲದಲ್ಲಿ ಪಡೆದ ಟಿಕೇಟಿಗಾದರೆ ಅದಕ್ಕಾಗಿ ನಿಲ್ದಾಣಕ್ಕೂ ಹೋಗಬೇಕಾಗಿಲ್ಲ, ಕಿಸೆಯೊಳಗಿನ ಫೋನೇ ಸಾಕು. ದೃಢಪಟ್ಟ ಟಿಕೇಟನ್ನು ತಂದೆ, ತಾಯಿ, ಒಡಹುಟ್ಟಿದವರು, ಹೆಂಡತಿ, ಮಕ್ಕಳ ಹೆಸರಿಗೆ 24 ಗಂಟೆ ಮುಂಚಿತವಾಗಿ ಅರ್ಜಿ ಕೊಟ್ಟು ವರ್ಗಾಯಿಸುವ ಅನುಕೂಲವೂ ಉಂಟು. ಇದನ್ನು ತಿಳಿಯದೆ ಎಷ್ಟೋ ಬರ್ತುಗಳು ವ್ಯರ್ಥವಾಗುತ್ತವೆ.

ಹೊಟೇಲಿನ ದುಡಿಮೆಗಾರನಿಗೆ ನಾವು ಹೆಚ್ಚು ವಿವರಿಸಬೇಕಾಗಿಲ್ಲ. ಊಟವಾದವನು ಎದ್ದು ಎಡೆ ಬಿಟ್ಟುಕೊಟ್ಟರೆ ಮಾತ್ರ ಬಾಗಿಲಲ್ಲಿ ಹಸಿದು ನಿಂತವನಿಗೆ ಎಲೆ ಬೀಳುತ್ತದೆ ಎಂಬುದನ್ನು ಆತ ದಿನವೂ ಕಾಣುತ್ತಾನೆ. ಈ ಬಾರಿ ರಜೆ ತಪ್ಪಿದವರು ಆ ಎದ್ದೇಳುವ ಸೌಜನ್ಯವನ್ನು ತೋರಿಸಲಿ. ಕಾಯುವವರ ಸಾಲಿನಲ್ಲಿರುವವರು ನಮ್ಮವರೇ.