ಕರಡಿಗೆ ಇಟ್ಟ ಡೋನಟ್

ಮಕ್ಕಳೇ, ಈ ಸಲ ಬಂದ ಕಾಗದಗಳಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ ಹೀಗಿದೆ: “ಅಜ್ಜಿ, ಅಮೆರಿಕದಲ್ಲಿ ಕರಡಿಗೆ ಡೋನಟ್ ತಿನ್ನಿಸಿ ಆಮೇಲೆ ಬೇಟೆ ಆಡುತ್ತಾರಂತೆ. ನಿಜವಾ? ಅದು ಮೋಸ ಅಲ್ಲವಾ?”

ನಿಜ ಕಣಮ್ಮ. ಎಲ್ಲ ಕಡೆಯೂ ಅಲ್ಲ, ಕೆಲವು ರಾಜ್ಯಗಳಲ್ಲಿ. ಮೋಸ ಹೌದೋ ಅಲ್ಲವೋ ಎನ್ನುವುದಕ್ಕೆ ಒಂದೇ ಸಾಲಿನ ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಆ ಡೋನಟ್‌ಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನೇ ಹೇಳುತ್ತೇನೆ, ನೀನೇ ಯೋಚನೆ ಮಾಡು.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆಂದು ಮೇನ್‌ಗೆ ಹೋಗಿದ್ದೆ. ಮೇನ್ ಅಂದರೆ ಅಮೆರಿಕದ ಈಶಾನ್ಯ ಮೂಲೆಯ ರಾಜ್ಯ. ಅದರಾಚೆ ಕೆನಡಾ. ನೂರರಲ್ಲಿ ಸುಮಾರು ತೊಂಬತ್ತು ಪಾಲು ನೆಲ ಕಾಡೇ. ಆ ಕಾಡಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕಪ್ಪು ಕರಡಿಗಳಿವೆ ಎಂದು ಅಲ್ಲಿನವರ ಲೆಕ್ಕ. ಜುಲೈ ಕೊನೆಯ ಒಂದು ಬೆಳಿಗ್ಗೆ ಪಕ್ಕದ ಮನೆಯ ತಾತ ತಮ್ಮ ಪಿಕಪ್ ಗಾಡಿಗೆ ಏನೇನೋ ತುಂಬುತ್ತಿದ್ದರು. ಮೂಟೆಗಟ್ಟಲೆ ಹಳೇ ಬ್ರೆಡ್ಡು, ಡಬ್ಬಿಗಟ್ಟಲೆ ಡೋನಟ್ (ನಡುವೆ ತೂತಿರುವ ಸಿಹಿ ವಡೆ ಅಂದುಕೊಳ್ಳಿ), ಓಟ್ಸ್, ಒಂದು ಬಕೆಟ್ ಕಾಕಂಬಿ, ಹೋಟೆಲಿನಿಂದ ತಂದ ಕರಿದ ಎಣ್ಣೆ. ಏನು ತಾತನ ಮನೆಯಲ್ಲಿ ಮದುವೆಯೇ ಅಂತ ಮೊಮ್ಮಗನನ್ನು ಕೇಳಿದೆ. “ಅಲ್ಲ ಅಜ್ಜಿ, ಅದು ಕರಡಿಗೆ” ಅಂದ.

ನಾವು ಹಸುವಿಗೆ ಅಕ್ಕಿ ಬೆಲ್ಲ ಕೊಡುತ್ತೇವೆ, ಅಂಗಳದಲ್ಲಿ ಹಕ್ಕಿಗೆ ಕಾಳು ಚೆಲ್ಲುತ್ತೇವೆ. ಇವರು ಕರಡಿಗೆ ಕೊಡುತ್ತಾರೆ, ದೊಡ್ಡ ಮನಸ್ಸು ಅಂದುಕೊಂಡೆ. ಆ ದಿನ ತಾತ ಎದುರು ಸಿಕ್ಕಾಗ ಕೈಮುಗಿದೆ ಕೂಡ. ಅವರು ಯಾಕೆಂದು ತಿಳಿಯದೆ ಟೋಪಿ ಎತ್ತಿದರು. ರಾತ್ರಿ ಊಟಕ್ಕೆ ಕೂತಾಗ ಮಗಳು ನಗುತ್ತಾ ವಿಷಯ ಹೇಳಿದಳು. ಆಗಸ್ಟ್ ಕೊನೆಯ ಸೋಮವಾರ ಕರಡಿ ಬೇಟೆ ಶುರುವಾಗುತ್ತದೆ. ಅದಕ್ಕೆ ಒಂದು ತಿಂಗಳು ಮುಂಚಿನಿಂದ ಕಾಡಿನಲ್ಲಿ ತಿಂಡಿ ಇಟ್ಟು ಕರಡಿಗೆ ಜಾಗ ರೂಢಿ ಮಾಡಿಸಬಹುದು. ಆಮೇಲೆ ಅಲ್ಲೇ ಅಟ್ಟಣೆ ಕಟ್ಟಿ ಕಾಯುವುದು. ನನಗೆ ಅನ್ನ ಇಳಿಯಲಿಲ್ಲ.

ನಮ್ಮಲ್ಲಿ ಇದಕ್ಕೆ ‘ಆಮಿಷ’ ಅನ್ನುತ್ತೇವೆ. ಮೀನಿನ ಗಾಳಕ್ಕೆ ಸಿಕ್ಕಿಸುವುದೂ ಆಮಿಷವೇ, ಚುನಾವಣೆ ಬಂದಾಗ ಪತ್ರಿಕೆಯವರು ಬರೆಯುವುದೂ ಆಮಿಷವೇ. ಹಿರಿಯರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮೊಮ್ಮಗನಿಗೆ ಆಗ ಎಂಟು ವರ್ಷ. ಅವನೂ ಆ ತಾತನೂ ಬಲು ಸ್ನೇಹಿತರು. ತಾತ ಕಾಡಿನ ಮರಕ್ಕೆ ಒಂದು ಕ್ಯಾಮೆರಾ ಕಟ್ಟಿದ್ದರು. ಎದುರಿಗೆ ಪ್ರಾಣಿ ಸುಳಿದರೆ ಸಾಕು, ತಾನೇ ಫೋಟೋ ಹೊಡೆಯುತ್ತದೆ. ಸಂಜೆ ಜಗಲಿಯಲ್ಲಿ ಕೂತು ಇಬ್ಬರೂ ಆ ಫೋಟೋಗಳನ್ನು ನೋಡುವರು. ಕೆಲವು ದಿನಗಳಲ್ಲೇ ಒಂದು ಕರಡಿ ಮತ್ತೆ ಮತ್ತೆ ಕಾಣಿಸತೊಡಗಿತು. ಎದೆಯ ಮೇಲೆ ಬಿಳಿ ಮಚ್ಚೆ, ಯಾರೋ ವಿಭೂತಿ ಬಳಿದ ಹಾಗೆ. ಕಪ್ಪು ಕರಡಿಗಳಲ್ಲಿ ಕೆಲವಕ್ಕೆ ಹಾಗಿರುತ್ತದೆ. ನಮ್ಮ ಪುಟ್ಟ ಅದಕ್ಕೆ ‘ಗುಂಡ’ ಎಂದು ಹೆಸರಿಟ್ಟುಬಿಟ್ಟ. ಹೆಸರಿಟ್ಟ ಮೇಲೆ ಕಷ್ಟ ಶುರುವಾಗುತ್ತದೆ, ನೋಡಿ.

ತಾತ ಒಳ್ಳೆಯವರು. ನಾನು ಕೇಳಿದ್ದಕ್ಕೆಲ್ಲ, ಮೊಮ್ಮಗನ ಅನುವಾದದ ಮೂಲಕ, ಬೇಸರವಿಲ್ಲದೆ ಹೇಳಿದರು. ತಯಾರಿ ಅಂದರೆ ಬಂದೂಕು ಒರೆಸುವುದಷ್ಟೇ ಅಲ್ಲ. ಮೊದಲು ಜಾಗ ಹುಡುಕಬೇಕು. ಹತ್ತಿರದಲ್ಲಿ ನೀರು, ಸುತ್ತ ದಟ್ಟ ಪೊದೆ. ಕರಡಿಗೆ ಬಯಲು ಅಂದರೆ ಅಳುಕು. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ನೋಡಿಯೇ ಅಟ್ಟಣೆ ಕಟ್ಟಬೇಕು. ಕರಡಿಯ ಕಣ್ಣು ಮೋಸಹೋದೀತು, ಮೂಗು ಹೋಗದು. ಒಂದು ಮೈಲಿ ಆಚೆಯ ತಿಂಡಿಯ ವಾಸನೆಯೂ ಅದಕ್ಕೆ ಸಿಗುತ್ತದೆ. ಕರಿದ ಎಣ್ಣೆಯನ್ನು ನೆಲಕ್ಕೆ ಸುರಿಯುವುದು ಯಾಕೆ ಗೊತ್ತೇ? ಕರಡಿ ಅದನ್ನು ತುಳಿದು ಹೋಗುತ್ತದೆ. ಹೋದಲ್ಲೆಲ್ಲ ಹೆಜ್ಜೆಯ ಜೊತೆ ವಾಸನೆ. ಆ ಜಾಡು ಹಿಡಿದು ಇನ್ನೊಂದು ಕರಡಿ ಬರುತ್ತದೆ. ಸೋಂಪಿನಂಥ ವಾಸನೆಯ ಎಣ್ಣೆಯನ್ನೂ ಮರದ ಕೊಂಬೆಗೆ ಹಚ್ಚುತ್ತಾರೆ, ಗಾಳಿಯಲ್ಲಿ ದೂರ ಹೋಗಲೆಂದು. ತಿಂಡಿಯನ್ನು ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಡುತ್ತಾರೆ. ಶಾಲೆಯ ಬಿಸಿಯೂಟದ ಗಂಟೆ ಇದ್ದ ಹಾಗೆ.

ತಿಂಡಿ ಇಡುವುದು ಇನ್ನೂರು ಲೀಟರಿನ ಪೀಪಾಯಿಯಲ್ಲಿ. ಪೀಪಾಯಿ ಅಳತೆಕೋಲೂ ಹೌದು. ಅದರ ಪಕ್ಕ ನಿಂತ ಕರಡಿಯ ಬೆನ್ನು ಎಲ್ಲಿಗೆ ಬರುತ್ತದೆ ಎಂದು ನೋಡಿ ಗಾತ್ರ ಅಂದಾಜು ಮಾಡುತ್ತಾರೆ. ಕಿವಿ ನೋಡಿಯೂ ಹೇಳಬಹುದಂತೆ. ತಲೆಗೆ ಕಿವಿ ದೊಡ್ಡದಾಗಿ ಕಂಡರೆ ಎಳೆಯದು. ಕಿವಿ ಪುಟ್ಟದಾಗಿ, ಒಂದಕ್ಕೊಂದು ದೂರ ದೂರ ಕಂಡರೆ ದೊಡ್ಡ ಕರಡಿ. ಕಿವಿ ಬೆಳೆಯುವುದು ಬೇಗ ನಿಲ್ಲುತ್ತದೆ, ತಲೆ ಬೆಳೆಯುತ್ತಲೇ ಇರುತ್ತದೆ.

ಇಷ್ಟಕ್ಕೂ ಕಾಡಿನ ಕರಡಿ ಹಳೇ ಡೋನಟ್‌ಗೆ ಯಾಕೆ ಬರಬೇಕು? ಹಸಿವು. ಅದೂ ಎಂಥ ಹಸಿವು! ಬೇಸಿಗೆ ಮುಗಿಯುತ್ತಿದ್ದಂತೆ ಈ ಕರಡಿಗಳಿಗೆ ತಿನ್ನುವ ಹುಚ್ಚು ಹಿಡಿಯುತ್ತದೆ. ದಿನಕ್ಕೆ ಇಪ್ಪತ್ತು ಸಾವಿರ ಕ್ಯಾಲರಿವರೆಗೆ, ಅಂದರೆ ಸುಮಾರು ಹತ್ತು ಜನರ ಊಟವನ್ನು ಒಂದೇ ಕರಡಿ ತಿಂದೀತು. ಮುಂದೆ ಚಳಿಗಾಲವಿಡೀ ಗುಹೆಯಲ್ಲೋ ಮರದ ಬುಡದ ಪೊಟರೆಯಲ್ಲೋ ಮಲಗಬೇಕಲ್ಲ. ಆ ತಿಂಗಳುಗಳಲ್ಲಿ ಊಟವಿಲ್ಲ, ನೀರಿಲ್ಲ, ಒಂದಕ್ಕೂ ಎರಡಕ್ಕೂ ಹೋಗುವುದಿಲ್ಲ. (ಮೊಮ್ಮಗ ಇದನ್ನು ಮೂರು ಸಲ ಹೇಳಿಸಿಕೊಂಡು ನಕ್ಕ.) ಹೆಣ್ಣು ಕರಡಿಯ ಕಥೆ ಇನ್ನೂ ಸೋಜಿಗ. ಜೂನ್ ಜುಲೈನಲ್ಲಿ ಜೋಡಿಯಾದರೂ ಹೊಟ್ಟೆಯಲ್ಲಿ ಮರಿ ಬೆಳೆಯುವುದು ನವೆಂಬರ್ ಹೊತ್ತಿಗೇ ಶುರು. ಅಷ್ಟರಲ್ಲಿ ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಸೇರಿದ್ದರೆ ಮಾತ್ರ. ಇಲ್ಲದಿದ್ದರೆ ಆ ವರ್ಷ ಮರಿಯೇ ಇಲ್ಲ. ಜನವರಿಯಲ್ಲಿ, ಹೊರಗೆ ಆಳೆತ್ತರ ಹಿಮ ಬಿದ್ದಿರುವಾಗ, ತಾಯಿ ಅರೆನಿದ್ದೆಯಲ್ಲಿ ಮರಿ ಹಾಕುತ್ತಾಳೆ. ಮರಿಯ ತೂಕ ಮುನ್ನೂರು ಮುನ್ನೂರೈವತ್ತು ಗ್ರಾಂ, ನಿಮ್ಮ ಕಂಪಾಸ್ ಪೆಟ್ಟಿಗೆಗಿಂತ ಬಹಳ ಹೆಚ್ಚೇನಲ್ಲ. ಮೇನ್‌ನ ವನ್ಯಜೀವಿ ತಜ್ಞರು 1975ರಿಂದಲೂ ಚಳಿಗಾಲದಲ್ಲಿ ಹಿಮ ಸರಿಸಿ ಇಂಥ ಗೂಡುಗಳಿಗೆ ಇಳಿದು, ಮರಿಗಳನ್ನು ತೂಗಿ, ಲೆಕ್ಕ ಬರೆದಿಡುತ್ತಿದ್ದಾರೆ.

ಆದ್ದರಿಂದ ಕಾಡಿನಲ್ಲಿ ಹಣ್ಣು ಕಾಯಿ ಚೆನ್ನಾಗಿ ಬಿಟ್ಟ ವರ್ಷ ಬೇಟೆಗಾರನಿಗೆ ಕಷ್ಟ. ಆಗಸ್ಟ್‌ನಲ್ಲಿ ಕಾಡು ಬ್ಲೂಬೆರಿ, ಆಮೇಲೆ ಬೀಚ್ ಮರದ ಬೀಜ. (ಈ ಬೀಚ್ ಸಮುದ್ರದ ದಂಡೆಯಲ್ಲ, ಒಂದು ಜಾತಿಯ ಮರ.) ಅವು ಉದುರತೊಡಗಿದರೆ ಕರಡಿ ನಿಮ್ಮ ಡೋನಟ್ ಕಡೆ ತಿರುಗಿಯೂ ನೋಡುವುದಿಲ್ಲ. ಇದನ್ನು ಕೇಳಿ ನನಗೆ ಒಳಗೊಳಗೇ ಸಮಾಧಾನ. ದಿನವೂ ದೇವರಿಗೆ ದೀಪ ಹಚ್ಚುವಾಗ ಬೀಚ್ ಮರಗಳನ್ನೂ ನೆನೆದೆ ಅಂದರೆ ನಗಬೇಡಿ.

ನಿಯಮಗಳೂ ಇವೆ. ಆಮಿಷದ ಜಾಗದಲ್ಲಿ ಇಟ್ಟವನ ಹೆಸರು, ವಿಳಾಸ ಬರೆದ ಚೀಟಿ ಇರಬೇಕು. ವಾಹನ ಓಡಾಡುವ ದಾರಿಯಿಂದ ಐವತ್ತು ಗಜವಾದರೂ ದೂರ ಇರಬೇಕು. ನೆಲ ಬೇರೆಯವರದಾದರೆ ಒಪ್ಪಿಗೆ ಬೇಕು. ನವೆಂಬರ್ 10ರೊಳಗೆ ಎಲ್ಲ ಗುಡಿಸಿ ಸ್ವಚ್ಛ ಮಾಡಬೇಕು. ಭಾನುವಾರ ಬೇಟೆಯೇ ಇಲ್ಲ.

ಚಾಕೊಲೇಟಿನ ಸಂಗತಿಯನ್ನು ಮಾತ್ರ ಬಿಡುವಂತಿಲ್ಲ. ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ 2014ರ ಸೆಪ್ಟೆಂಬರಿನಲ್ಲಿ ಒಂದು ಆಮಿಷದ ಜಾಗದ ಹತ್ತಿರ ನಾಲ್ಕು ಕರಡಿಗಳು ಸತ್ತು ಬಿದ್ದಿದ್ದವು. ಎರಡು ಹೆಣ್ಣು, ಎರಡು ಮರಿ. ಗುಂಡಿನ ಗಾಯವಿಲ್ಲ. ಪರೀಕ್ಷೆ ಮಾಡಿದರೆ ಚಾಕೊಲೇಟಿನ ವಿಷ! ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನು ನಮ್ಮ ದೇಹ ಬೇಗ ಕರಗಿಸಿಕೊಳ್ಳುತ್ತದೆ. ನಾಯಿ, ಕರಡಿಗಳಿಗೆ ಅದು ಆಗದು. ಆಮೇಲೆ ಆ ರಾಜ್ಯ ಆಮಿಷದಲ್ಲಿ ಚಾಕೊಲೇಟ್ ಇಡುವುದನ್ನು ನಿಷೇಧಿಸಿತು. ಮನೆಯಲ್ಲಿ ನಾಯಿ ಇರುವ ಮಕ್ಕಳು ಇದನ್ನು ನೆನಪಿಡಿ.

ಈಗ ನಿನ್ನ ಪ್ರಶ್ನೆ, ಮೋಸವೇ? ಈ ಪ್ರಶ್ನೆಯನ್ನು ಅಮೆರಿಕದವರೇ ತಮ್ಮ ತಮ್ಮಲ್ಲಿ ಕೇಳಿಕೊಂಡು ಮತ ಹಾಕಿದ್ದಾರೆ. ಕೊಲರಾಡೊದಲ್ಲಿ 1992ರಲ್ಲಿ, ಆರೆಗಾನ್‌ನಲ್ಲಿ 1994ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ 1996ರಲ್ಲಿ ಜನರೇ ಮತ ಹಾಕಿ ಕರಡಿಗೆ ಆಮಿಷ ಒಡ್ಡುವುದನ್ನು ನಿಲ್ಲಿಸಿದರು. ಮೇನ್‌ನಲ್ಲಿ 2004ರಲ್ಲೂ 2014ರಲ್ಲೂ ಇದೇ ಪ್ರಶ್ನೆ ಮತಕ್ಕೆ ಬಂತು. ಎರಡು ಸಲವೂ ‘ಇರಲಿ’ ಅಂದವರೇ ಗೆದ್ದರು, ಆದರೆ ಅಂತರ ಭಾರಿಯೇನಲ್ಲ. ಬೇಡ ಅನ್ನುವವರ ಮಾತು ಸರಳ: ತಟ್ಟೆಗೆ ತಲೆ ಬಾಗಿಸಿದವನನ್ನು ಹೊಡೆಯುವುದು ಬೇಟೆಯಲ್ಲ. ಬೇಕು ಅನ್ನುವವರದು ಇನ್ನೊಂದು ಲೆಕ್ಕ. ಕಾಡು ಅಷ್ಟು ದಟ್ಟ, ಹತ್ತು ಹೆಜ್ಜೆ ಆಚೆಯ ಕರಡಿ ಕಾಣದು. ಆಮಿಷವಿಲ್ಲದಿದ್ದರೆ ಸಿಗುವುದೇ ಅಪರೂಪ, ಕರಡಿಗಳ ಸಂಖ್ಯೆ ಏರಿ ಊರಿನ ಕಸದ ತೊಟ್ಟಿಗೇ ಬರುತ್ತವೆ. ನಮ್ಮ ತಾತ ಇನ್ನೊಂದು ಹೇಳಿದರು: “ಪೊದೆಯಲ್ಲಿ ಓಡುವ ಕರಡಿಗೆ ಹೊಡೆದರೆ ಅದು ಗಂಡೋ ಹೆಣ್ಣೋ ನನಗೆ ತಿಳಿಯದು. ಇಲ್ಲಿ ಅರ್ಧ ಗಂಟೆ ನೋಡುತ್ತೇನೆ. ಹಿಂದೆ ಮರಿ ಇದೆಯೇ ಅಂತ ಕಾಯುತ್ತೇನೆ. ಎಷ್ಟೋ ಸಂಜೆ ಸುಮ್ಮನೆ ನೋಡಿ ಇಳಿದು ಬಂದಿದ್ದೇನೆ.”

ಈ ಮಾತಿಗೆ ತೂಕವಿದೆ, ಒಪ್ಪುತ್ತೇನೆ. ಆದರೂ ನನಗೆ ಆಮಿಷ ಹಿಡಿಸದು. ಒಂದು ತಿಂಗಳು ದಿನವೂ ಉಣ್ಣಿಸಿದ ಕೈ ಅದು ಅನ್ನುವುದನ್ನು ಮರೆಯಲು ನನ್ನಿಂದ ಆಗುವುದಿಲ್ಲ. ನಾನು ಸಸ್ಯಾಹಾರಿ, ನನ್ನ ಮಾತು ಅಲ್ಲಿ ಲೆಕ್ಕಕ್ಕಿಲ್ಲ ಅನ್ನಿ.

ನಿಮ್ಮ ಟೆಡ್ಡಿಯ ಕಥೆಯೂ ಇದೇ ಪ್ರಶ್ನೆಯಿಂದ ಹುಟ್ಟಿದ್ದು. 1902ರ ನವೆಂಬರಿನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪ್ಪಿಗೆ ಕರಡಿ ಬೇಟೆಗೆ ಹೋಗಿದ್ದರು. ಅವರಿಗೆ ಕರಡಿ ಸಿಗಲಿಲ್ಲ. ದಾರಿ ತೋರಿಸುತ್ತಿದ್ದ ಹೋಲ್ಟ್ ಕಾಲಿಯರ್ ಎಂಬ ಪಳಗಿದ ಬೇಟೆಗಾರ ನಾಯಿಗಳ ನೆರವಿನಿಂದ ಒಂದನ್ನು ಹಿಡಿದು ಮರಕ್ಕೆ ಕಟ್ಟಿ, ಅಧ್ಯಕ್ಷರಿಗೆ ಹೇಳಿಕಳುಹಿಸಿದ. ಕಟ್ಟಿಹಾಕಿದ ಪ್ರಾಣಿಗೆ ನಾನು ಗುಂಡು ಹಾರಿಸಲಾರೆ ಎಂದುಬಿಟ್ಟರು ರೂಸ್‌ವೆಲ್ಟ್. ಕ್ಲಿಫರ್ಡ್ ಬೆರಿಮನ್ ಅದನ್ನು ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬರೆದರು, ಅದನ್ನು ನೋಡಿ ಅಂಗಡಿಯವರು ಬೊಂಬೆ ಮಾಡಿದರು, ಅದಕ್ಕೆ ಅಧ್ಯಕ್ಷರ ಅಡ್ಡಹೆಸರು ‘ಟೆಡ್ಡಿ’ ಅಂಟಿಕೊಂಡಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಭಾಗ ಒಂದಿದೆ. ಆ ಕರಡಿ ಬಹಳ ಗಾಯಗೊಂಡಿತ್ತು. ಅದರ ನೋವು ಮುಗಿಸಿ ಎಂದು ಅಧ್ಯಕ್ಷರೇ ಹೇಳಿದರು, ಚಾಕುವಿನಿಂದ ಕೊಂದರು. ದೊಡ್ಡವರು ಮುಚ್ಚಿಟ್ಟರೂ ಮಕ್ಕಳಿಗೆ ಗೊತ್ತಿರಲಿ ಎಂದು ಬರೆದೆ.

ನಮ್ಮಲ್ಲೂ ಕರಡಿಗೆ ತಿಂಡಿ ಇಟ್ಟದ್ದುಂಟು. ಹಂಪಿಯ ಹತ್ತಿರ 1994ರಲ್ಲಿ ಆದ ದರೋಜಿ ಕರಡಿಧಾಮದಲ್ಲಿ ಅರಣ್ಯ ಸಿಬ್ಬಂದಿ ಮಧ್ಯಾಹ್ನದ ಹೊತ್ತು ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದು ಬರುತ್ತಿದ್ದರು. ಬಿಸಿಲು ಇಳಿಯುವಾಗ ಕರಡಿಗಳು ಗುಡ್ಡದಿಂದ ಬಂದು ಬಂಡೆ ನೆಕ್ಕುತ್ತಿದ್ದವು. ದೂರದ ವೀಕ್ಷಣಾ ಗೋಪುರದಲ್ಲಿ ಜನ ಕಾದು ಕೂತಿರುತ್ತಿದ್ದರು, ಕೈಯಲ್ಲಿ ಕ್ಯಾಮೆರಾ. 1972ರ ಕಾಯ್ದೆಯ ಪ್ರಕಾರ ನಮ್ಮಲ್ಲಿ ಕರಡಿ ಬೇಟೆ ಅಪರಾಧ. ಮೊಮ್ಮಗನಿಗೆ ಇದನ್ನು ಹೇಳಿದ್ದೇ ತಪ್ಪಾಯಿತು. ನೆಟ್ಟಗೆ ತಾತನ ಹತ್ತಿರ ಓಡಿ, “ನಮ್ಮಜ್ಜಿಯ ಊರಲ್ಲಿ ತಿಂಡಿ ಇಟ್ಟು ಫೋಟೋ ಮಾತ್ರ ತೆಗೀತಾರಂತೆ. ನೀವೂ ಹಾಗೇ ಮಾಡಿ” ಅಂದ. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಚಳಿಗಾಲಕ್ಕೆ ತಮ್ಮ ಮನೆಯಲ್ಲಿ ಮಾಂಸ ಬೇಕೆಂದೂ, ಅಂಗಡಿಯ ಮಾಂಸವೂ ಯಾವುದೋ ಪ್ರಾಣಿಯದೇ ಎಂದೂ ಹೇಳಿದರು. ನಿನಗೆ ಸುಳ್ಳು ಹೇಳಿ ಒಪ್ಪಿಸಲಾರೆ ಎಂದೂ ಅಂದರಂತೆ.

ಆ ಸೋಮವಾರ ಬಂತು. ಮೊದಲ ವಾರ ಗುಂಡ ಬರಲಿಲ್ಲ, ಎರಡನೇ ವಾರವೂ ಇಲ್ಲ. ಕಾಡಿನಲ್ಲಿ ಬೀಚ್ ಬೀಜ ಚೆನ್ನಾಗಿ ಬಿಟ್ಟಿದೆ ಎಂದು ತಾತ ಗೊಣಗಿದರು. ನಾನು ಏನೂ ಅನ್ನಲಿಲ್ಲ. ಮೂರನೇ ವಾರ ಒಂದು ರಾತ್ರಿ ಪಿಕಪ್ ತಡವಾಗಿ ಬಂತು. ಬೆಳಿಗ್ಗೆ ಪುಟ್ಟ ಚಪ್ಪಲಿ ಕೂಡ ಮೆಟ್ಟದೆ ಓಡಿದ. ತಾತ ಅವನಿಗೆ ಬೇರೇನೂ ತೋರಿಸಲಿಲ್ಲ. ಎದೆಯ ಮೇಲೆ ಮಚ್ಚೆ ಇರಲಿಲ್ಲ ಎಂದು ಮೊದಲೇ ಹೇಳಿದರಂತೆ. ಆಮೇಲೆ ಒಂದು ಪುಟ್ಟ ಲಕೋಟೆ ತೆಗೆದು ಅದರೊಳಗಿನ ಹಲ್ಲು ತೋರಿಸಿದರು. ಕೋರೆಹಲ್ಲಿನ ಹಿಂದಿನ ಸಣ್ಣ ಹಲ್ಲು. ಮೇನ್‌ನಲ್ಲಿ ಕರಡಿ ಹೊಡೆದವರು ಅದನ್ನು ಇಲಾಖೆಗೆ ಕೊಡಬೇಕು. ಅದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ಬೊಡ್ಡೆಯಲ್ಲಿರುವಂತೆ ವರ್ಷಕ್ಕೊಂದು ಗೆರೆ ಕಾಣುತ್ತದೆ. ಎಣಿಸಿದರೆ ವಯಸ್ಸು.

ಉತ್ತರ ಬೇಗ ಬರುವುದಿಲ್ಲ. ನಾನು ಊರಿಗೆ ಬಂದು ವರ್ಷ ಕಳೆದ ಮೇಲೆ ಒಂದು ದಿನ ಪುಟ್ಟನ ಫೋನ್. “ಅಜ್ಜಿ, ಆ ಹಲ್ಲಿನ ವಯಸ್ಸು ಬಂತು. ಎಂಟು ವರ್ಷ. ಆಗ ನನಗೂ ಎಂಟೇ ಅಲ್ವಾ?” ಹೌದಪ್ಪ ಅಂದೆ. ಗುಂಡ ಈ ವರ್ಷ ಕ್ಯಾಮೆರಾದಲ್ಲಿ ಬಂದನೇ ಎಂದು ಕೇಳಿದೆ. ಒಂದೇ ಒಂದು ಸಲ, ಅದೂ ಹಿಂದಿನಿಂದ ಕಂಡಿದ್ದರಿಂದ ಅವನೋ ಅಲ್ಲವೋ ಗೊತ್ತಾಗಲಿಲ್ಲ ಅಂದ. ಅಷ್ಟರಲ್ಲಿ ಶಾಲೆಯ ಬಸ್ಸು ಬಂತು.